ಬಾಗಿಲು ಮುಚ್ಚಿದ ಅಂಗಡಿ: ನಷ್ಟ ಯಾರ ತಲೆಗೆ?

(ವಾಣಿಜ್ಯ ವಿದ್ಯಾರ್ಥಿಗಳೆದುರು ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)

ನಮ್ಮ ಕಡೆ ವ್ಯಾಪಾರಿಯೊಬ್ಬ ಸೋತರೆ 'ದಿವಾಳಿ ಎದ್ದ' ಎನ್ನುತ್ತೇವೆ. ಹಿರಿಯರು 'ಪಾಪರ್ ಆದ' ಎನ್ನುತ್ತಿದ್ದರು. ಎರಡೂ ಮಾತಿನಲ್ಲಿ ಅವನ ಕಥೆ ಅಲ್ಲಿಗೆ ಮುಗಿಯಿತೆಂಬ ಅರ್ಥವಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ದಿವಾಳಿ ಅರ್ಜಿ ಹಾಕಿದ ಮರುದಿನವೂ ಅಂಗಡಿ ತೆರೆಯುತ್ತದೆ, ಗಿರಾಕಿಗಳು ಬರುತ್ತಾರೆ, ನೌಕರರಿಗೆ ಸಂಬಳವೂ ಆಗುತ್ತದೆ. ಹಾಗಾದರೆ ದಿವಾಳಿಯೆಂದರೇನು? ನಷ್ಟ ಕೊನೆಗೆ ಯಾರ ತಲೆಗೆ ಬೀಳುತ್ತದೆ? ಸಿಯರ್ಸ್ ಎಂಬ ಒಂದೇ ಕಂಪನಿಯ ಕಥೆ ಹಿಡಿದು ಇದನ್ನು ನೋಡೋಣ.

1886ರಲ್ಲಿ ಮಿನೆಸೋಟ ರಾಜ್ಯದಲ್ಲಿ ರಿಚರ್ಡ್ ಸಿಯರ್ಸ್ ಎಂಬ ರೈಲು ನಿಲ್ದಾಣದ ಏಜೆಂಟನಿದ್ದ. ಊರಿನ ವ್ಯಾಪಾರಿಯೊಬ್ಬ ಬೇಡವೆಂದು ಬಿಟ್ಟ ಗಡಿಯಾರಗಳ ಪೆಟ್ಟಿಗೆಯನ್ನು ತಾನೇ ಕೊಂಡು, ಬೇರೆ ನಿಲ್ದಾಣಗಳ ಏಜೆಂಟರಿಗೆ ಮಾರಿ ಲಾಭ ಮಾಡಿದ. ಮುಂದೆ ಗಡಿಯಾರ ರಿಪೇರಿಯ ಆಲ್ವಾ ರೋಬಕ್ ಜೊತೆಗೂಡಿದ. ಇವರ ಕ್ಯಾಟಲಾಗ್ ಹಳ್ಳಿಹಳ್ಳಿಗೆ ಅಂಚೆಯಲ್ಲಿ ಹೋಯಿತು. ಹೊಲಿಗೆ ಯಂತ್ರದಿಂದ ಹಿಡಿದು ನೇಗಿಲಿನವರೆಗೆ ಎಲ್ಲವೂ ಅದರಲ್ಲಿತ್ತು. 1908ರಿಂದ 1940ರವರೆಗೆ ಇಡೀ ಮನೆಯನ್ನೇ ಬಿಡಿಭಾಗಗಳಾಗಿ ರೈಲಿನಲ್ಲಿ ಕಳಿಸುತ್ತಿದ್ದರು!

ಈ ಕ್ಯಾಟಲಾಗಿಗೆ ಇನ್ನೊಂದು ಮುಖವಿದೆ. ಆಗ ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಅಂಗಡಿಗೆ ಹೋದರೆ ಬಿಳಿಯರೆಲ್ಲ ಮುಗಿಸುವವರೆಗೆ ಕಾಯಬೇಕಿತ್ತು. ಅಂಚೆಗೆ ಬಣ್ಣದ ಭೇದವಿರಲಿಲ್ಲ. ಕಂಪನಿಯ ಮುಖ್ಯಸ್ಥನಾಗಿದ್ದ ಜೂಲಿಯಸ್ ರೋಸೆನ್‌ವಾಲ್ಡ್ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಏಳಲು ನೆರವಾದ. 1925ರಲ್ಲಿ ಷಿಕಾಗೊದಲ್ಲಿ ಮೊದಲ ಚಿಲ್ಲರೆ ಮಳಿಗೆ ತೆರೆಯಿತು. ಅದೇ ನಗರದಲ್ಲಿ 1970ರ ದಶಕದಲ್ಲಿ 110 ಅಂತಸ್ತಿನ ಸಿಯರ್ಸ್ ಟವರ್ ಎದ್ದಾಗ ಅದು ಜಗತ್ತಿನಲ್ಲೇ ಎತ್ತರದ ಕಟ್ಟಡ. ಅದರ ರಚನೆಯ ಲೆಕ್ಕ ಹಾಕಿದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್ ಢಾಕಾದವರು.

ಇಷ್ಟು ದೊಡ್ಡ ಮರ ಉರುಳಿದ್ದು ಹೇಗೆ? ವಾಲ್‌ಮಾರ್ಟ್‌ನ ಅಗ್ಗದ ಬೆಲೆ ಒಂದು ಕಾರಣ. ಕಂಪನಿ ತನ್ನ ಪ್ರಧಾನ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಮನೆಯಲ್ಲೇ ಕೂತು ಸಾಮಾನು ತರಿಸುವ ಹೊಸ ವ್ಯಾಪಾರಕ್ಕೆಂದು ಅಮೆಜಾನ್ ಹುಟ್ಟಿದ್ದು ಮರುವರ್ಷ. 2005ರಲ್ಲಿ, ಅದಾಗಲೇ ಒಮ್ಮೆ ದಿವಾಳಿ ಕಂಡಿದ್ದ ಕೆಮಾರ್ಟ್ ಜೊತೆ ಸಿಯರ್ಸ್ ಕೂಡಿತು. ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ ಅದರ ಚುಕ್ಕಾಣಿ ಹಿಡಿದರು. 2010ರ ನಂತರ ಕಂಪನಿ ವರ್ಷದ ಲಾಭವನ್ನೇ ಕಾಣಲಿಲ್ಲ. ಇದ್ದದ್ದನ್ನು ಮಾರಿ ದಿನ ದೂಡಿತು. 2015ರಲ್ಲಿ 235 ಮಳಿಗೆಗಳ ಆಸ್ತಿಯನ್ನು ಸುಮಾರು 270 ಕೋಟಿ ಡಾಲರಿಗೆ ಮಾರಿ, ತನ್ನದೇ ಮಳಿಗೆಗಳಿಗೆ ತಾನೇ ಬಾಡಿಗೆದಾರನಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನೆನಪಾಗುತ್ತದಲ್ಲವೇ?

2018ರ ಅಕ್ಟೋಬರ್ 15ರಂದು 13.4 ಕೋಟಿ ಡಾಲರ್ ಸಾಲದ ಕಂತು ಕಟ್ಟಬೇಕಿತ್ತು. ಅದನ್ನು ಕಟ್ಟಲಾಗದೆ ಕಂಪನಿ ಅಂದೇ ನ್ಯಾಯಾಲಯದ ಮೊರೆಹೊಕ್ಕಿತು. ಆಗ ಉಳಿದಿದ್ದದ್ದು ಸುಮಾರು 700 ಮಳಿಗೆ, 68,000 ನೌಕರರು.

ಅಮೆರಿಕದ ದಿವಾಳಿ ಕಾಯ್ದೆಯಲ್ಲಿ ಎರಡು ಮುಖ್ಯ ದಾರಿಗಳಿವೆ. ಏಳನೇ ಅಧ್ಯಾಯದ ಪ್ರಕಾರ ಎಲ್ಲವನ್ನೂ ಮಾರಿ ಹಂಚುವುದು. ಹನ್ನೊಂದನೇ ಅಧ್ಯಾಯದ ಪ್ರಕಾರ ಸಾಲಗಾರನಿಗೆ ಉಸಿರಾಡಲು ಸಮಯ ಕೊಡುವುದು. ಸಿಯರ್ಸ್ ಹಿಡಿದದ್ದು ಎರಡನೆಯದು. ಅರ್ಜಿ ಬಿದ್ದ ಕೂಡಲೇ ಸಾಲ ಕೊಟ್ಟವರ ವಸೂಲಿಗೆ ತಡೆ ಬೀಳುತ್ತದೆ. ಕಂಪನಿ ಹೊಸ ಸಾಲ ಪಡೆದು ವ್ಯಾಪಾರ ನಡೆಸಬಹುದು. ಬೇಡವಾದ ಬಾಡಿಗೆ ಕರಾರುಗಳನ್ನು ನ್ಯಾಯಾಲಯದ ಒಪ್ಪಿಗೆಯಿಂದ ಕೈಬಿಡಬಹುದು. ಮಳಿಗೆಗಳನ್ನು ಸಾಲುಸಾಲಾಗಿ ಮುಚ್ಚುವುದು ಇದೇ ಕಾರಣಕ್ಕೆ. ಅರ್ಜಿ ಹಾಕಿದ ದಿನವೇ ಸಿಯರ್ಸ್ ಇನ್ನೂ 142 ಮಳಿಗೆ ಮುಚ್ಚುವುದಾಗಿ ಸಾರಿತು.

ಮುಚ್ಚುವುದೂ ಒಂದು ಕಸುಬು. ಅದಕ್ಕೆಂದೇ ಇರುವ ಸಂಸ್ಥೆಗಳು ದಾಸ್ತಾನು ಮಾರಾಟದ ಹೊಣೆ ಹೊರುತ್ತವೆ. ನಮ್ಮ ಆಷಾಢದ ರಿಯಾಯಿತಿಯಂತೆ ಇದು ಕಾಣಬಹುದು, ಆದರೆ ಆಷಾಢ ಮುಗಿದ ಮೇಲೆ ಶ್ರಾವಣ ಬರುತ್ತದೆ, ಇಲ್ಲಿ ಬರುವುದಿಲ್ಲ. ಮೊದಲು ರಿಯಾಯಿತಿ ಸಣ್ಣದು, ವಾರ ಕಳೆದಂತೆ ದೊಡ್ಡದು. ಕೊನೆಗೆ ಕಪಾಟು, ಕನ್ನಡಿ, ಬಟ್ಟೆ ತೊಡಿಸುವ ಗೊಂಬೆಗಳಿಗೂ ಬೆಲೆಚೀಟಿ. ಷಿಕಾಗೊ ನಗರದಲ್ಲಿ ಉಳಿದಿದ್ದ ಕೊನೆಯ ಸಿಯರ್ಸ್ ಮಳಿಗೆ ಅರ್ಜಿಗೂ ಮೊದಲೇ, 2018ರ ಜುಲೈನಲ್ಲಿ ಮುಚ್ಚಿತು. ಅದು 1938ರಿಂದ ನಡೆದಿದ್ದ ಮಳಿಗೆ.

ಬಂದ ಹಣ ಹಂಚುವಾಗ ಸರತಿಯ ಸಾಲಿದೆ. ಅಡಮಾನ ಪಡೆದು ಸಾಲ ಕೊಟ್ಟವರು ಮುಂದೆ. ವಕೀಲರ ಶುಲ್ಕವೂ ಸೇರಿದ ದಿವಾಳಿ ಪ್ರಕ್ರಿಯೆಯ ಖರ್ಚು ಆಮೇಲೆ. ನೌಕರರ ಹಳೆ ಸಂಬಳದ ಬಾಕಿಗೆ ಅದರ ನಂತರ ಆದ್ಯತೆ ಇದ್ದರೂ ಮಿತಿಯಿದೆ; ಆಗ ತಲಾ 12,850 ಡಾಲರ್. ಅಡಮಾನವಿಲ್ಲದೆ ಸಾಮಾನು ಕೊಟ್ಟವರು ಹಿಂದೆ, ಷೇರುದಾರರು ಕಟ್ಟಕಡೆ. ಸುಮಾರು 90,000 ಜನರ ಪಿಂಚಣಿ ಯೋಜನೆಗಳ ಹೊಣೆಯನ್ನು ಸರ್ಕಾರಿ ವಿಮಾ ನಿಗಮ ವಹಿಸಿಕೊಳ್ಳಬೇಕಾಯಿತು. ಮಳಿಗೆಗಳು ಮುಚ್ಚುತ್ತಿದ್ದ 2018ರ ಡಿಸೆಂಬರಿನಲ್ಲೇ, ಮೇಲಧಿಕಾರಿಗಳು ಬಿಟ್ಟುಹೋಗದಿರಲೆಂದು 2.53 ಕೋಟಿ ಡಾಲರ್‌ವರೆಗೆ ಬೋನಸ್ ನೀಡಲು ನ್ಯಾಯಾಲಯ ಒಪ್ಪಿತು!

2019ರ ಫೆಬ್ರುವರಿಯಲ್ಲಿ ಲ್ಯಾಂಪರ್ಟ್ ಅವರ ನಿಧಿ ಸಂಸ್ಥೆಯೇ 425 ಮಳಿಗೆಗಳನ್ನು ಸುಮಾರು 520 ಕೋಟಿ ಡಾಲರಿಗೆ ಕೊಂಡಿತು. ಆಸ್ತಿಯನ್ನು ಹೊರಗೆ ಸಾಗಿಸಿದರೆಂದು ಹಳೆಯ ಕಂಪನಿಯ ಪರವಾಗಿ ಅವರ ಮೇಲೆ ದಾವೆ ಹೂಡಲಾಯಿತು. ಅವರು ಆರೋಪ ಅಲ್ಲಗಳೆದರು. 2022ರಲ್ಲಿ 17.5 ಕೋಟಿ ಡಾಲರಿಗೆ ರಾಜಿಯಾಯಿತು. 2023ರ ಕೊನೆಗೆ ಅಮೆರಿಕದಲ್ಲಿ ಉಳಿದ ಸಿಯರ್ಸ್ ಮಳಿಗೆಗಳು ಇಪ್ಪತ್ತಕ್ಕಿಂತ ಕಡಿಮೆ.

ನಮ್ಮಲ್ಲೂ 2016ರಲ್ಲಿ ದಿವಾಳಿ ಸಂಹಿತೆ ಬಂದಿದೆ. ಕಂಪನಿ ಸಮಾಪ್ತಿಯಾದರೆ, ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಪಡೆದು ಸಾಲ ಕೊಟ್ಟವರ ಸಮಕ್ಕೆ ಸ್ಥಾನವಿದೆ. ಕಾಗದದಲ್ಲಿ ಇದು ಅಮೆರಿಕಕ್ಕಿಂತ ಉದಾರ. ಆದರೆ ಹಂಚಲು ಹಣ ಉಳಿದಿದ್ದರೆ ತಾನೇ ಸ್ಥಾನಕ್ಕೆ ಬೆಲೆ?

ವಾಣಿಜ್ಯ ಓದುವ ನೀವು ನಾಳೆ ಲೆಕ್ಕಪತ್ರ ಬರೆಯುವವರು. ಅಂಗಡಿ ಮುಚ್ಚುವ ದಿನ ಹೇಳುವ ಸತ್ಯಕ್ಕಿಂತ, ಆಸ್ತಿ ಒಂದೊಂದಾಗಿ ಕೈಬಿಡುವ ವರ್ಷಗಳು ಹೇಳುವ ಸತ್ಯ ದೊಡ್ಡದು. ಅದನ್ನು ಆಗಲೇ ಓದಿ ಹೇಳುವವರು ಬೇಕು. ಸರತಿಯ ಹಿಂದೆ ನಿಂತವರಿಗೆ ಅಷ್ಟಾದರೂ ಎಚ್ಚರಿಕೆ ಸಿಗಲಿ.