ಅಭಿವೃದ್ಧಿ ಸಾಲ ಮತ್ತು ಪರಿಸರ ರಕ್ಷಣೆ: ಅಜಂತಾ-ಎಲ್ಲೋರಾ ಯೋಜನೆಯ ಪಾಠ

ಅಭಿವೃದ್ಧಿಗೆ ಬಂಡವಾಳ ಅತ್ಯವಶ್ಯಕ. ಸ್ವಂತ ಉಳಿತಾಯ ಸಾಲದೆ ಬಂದಾಗ ರಾಷ್ಟ್ರಗಳು ವಿಶ್ವಬ್ಯಾಂಕಿನಂತಹ ಸಂಸ್ಥೆಗಳಿಂದಲೂ ಮಿತ್ರರಾಷ್ಟ್ರಗಳಿಂದಲೂ ಸಾಲ ಪಡೆಯುತ್ತವೆ. ಆ ಹಣದಿಂದ ಅಣೆಕಟ್ಟುಗಳು, ರಸ್ತೆಗಳು, ವಿದ್ಯುತ್ ಸ್ಥಾವರಗಳು ನಿರ್ಮಾಣವಾಗುತ್ತವೆ. ಆದರೆ ಅವುಗಳಿಂದ ಕಾಡಿಗೆ, ನದಿಗೆ, ಜನವಸತಿಗೆ ಒದಗುವ ಹಾನಿಯ ಹೊಣೆ ಯಾರದು? ಬಹುಕಾಲ ಈ ಪ್ರಶ್ನೆಗೆ ಸಾಲಪತ್ರಗಳಲ್ಲಿ ತಕ್ಕ ಸ್ಥಾನವಿರಲಿಲ್ಲ.

ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟ ನಿದರ್ಶನಗಳಲ್ಲಿ ನರ್ಮದೆಯದು ಪ್ರಮುಖವಾದುದು. ವಿಶ್ವಬ್ಯಾಂಕ್ 1985ರಲ್ಲಿ ಸರ್ದಾರ್ ಸರೋವರ ಯೋಜನೆಗೆ ನೆರವು ಮಂಜೂರು ಮಾಡಿತು. ಆಕ್ಷೇಪಗಳು ಎದ್ದಾಗ ಬ್ಯಾಂಕೇ ನೇಮಿಸಿದ ಸ್ವತಂತ್ರ ಪರಿಶೀಲನಾ ಸಮಿತಿಯು, ಪುನರ್ವಸತಿ ಹಾಗೂ ಪರಿಸರ ಅಧ್ಯಯನದಲ್ಲಿ ಗಂಭೀರ ಲೋಪಗಳಿವೆಯೆಂದು 1992ರಲ್ಲಿ ವರದಿ ಮಾಡಿತು. 1993ರಲ್ಲಿ ಭಾರತ ಸರ್ಕಾರವು ಉಳಿದ ಸಾಲವನ್ನು ಪಡೆಯದಿರಲು ನಿರ್ಧರಿಸಿತು. ಅದೇ ವರ್ಷ, ಯೋಜನೆಗಳಿಂದ ಬಾಧಿತರಾದವರ ದೂರನ್ನು ಆಲಿಸಲು ಬ್ಯಾಂಕ್ ಪ್ರತ್ಯೇಕ ತನಿಖಾ ಮಂಡಳಿಯನ್ನು ಸ್ಥಾಪಿಸಿತು. ಭಾರತದಲ್ಲಿಯೂ 1994ರ ಅಧಿಸೂಚನೆಯ ಮೂಲಕ ಪರಿಸರ ಪರಿಣಾಮ ಅಧ್ಯಯನವು ನಿರ್ದಿಷ್ಟ ಬಗೆಯ ಯೋಜನೆಗಳಿಗೆ ಕಡ್ಡಾಯವಾಯಿತು.

ಸಾಲದ ಹಣವನ್ನೇ ರಕ್ಷಣೆಗೆ ತೊಡಗಿಸಿದ ನಿದರ್ಶನ ಮಹಾರಾಷ್ಟ್ರದಲ್ಲಿದೆ. ಔರಂಗಾಬಾದ್ ಜಿಲ್ಲೆಯ (2023ರಿಂದ ಛತ್ರಪತಿ ಸಂಭಾಜಿನಗರ) ಅಜಂತಾ ಮತ್ತು ಎಲ್ಲೋರಾ ಗುಹೆಗಳು 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಜಂತಾದ ವರ್ಣಚಿತ್ರಗಳು ಮಣ್ಣಿನ ಗಾರೆಯ ಮೇಲೆ ಬರೆದವು. ತೇವ, ಧೂಳು, ಜನಸಂದಣಿಯ ಉಸಿರು ಇವೆಲ್ಲವೂ ಅವುಗಳಿಗೆ ಶತ್ರುಗಳೇ. ಒಮ್ಮೆ ಉದುರಿದ ಬಣ್ಣವನ್ನು ಎಷ್ಟು ಹಣ ತೆತ್ತರೂ ಮರಳಿ ತರಲಾಗದು.

ಜಪಾನಿನ ಸಾಗರೋತ್ತರ ಆರ್ಥಿಕ ಸಹಕಾರ ನಿಧಿಯು 1992ರಲ್ಲಿ ಅಜಂತಾ-ಎಲ್ಲೋರಾ ಸಂರಕ್ಷಣೆ ಮತ್ತು ಪ್ರವಾಸೋದ್ಯಮ ಅಭಿವೃದ್ಧಿ ಯೋಜನೆಗೆ ಸುಮಾರು 374 ಕೋಟಿ ಯೆನ್ ಸಾಲ ನೀಡಿತು. 2003ರಲ್ಲಿ ಎರಡನೆಯ ಹಂತಕ್ಕೆ ಸುಮಾರು 733 ಕೋಟಿ ಯೆನ್ ಒದಗಿತು. ರಸ್ತೆ, ವಿಮಾನ ನಿಲ್ದಾಣಗಳ ಸುಧಾರಣೆಯ ಜೊತೆಗೆ ಸ್ಮಾರಕಗಳ ದುರಸ್ತಿ, ನೀರು ಪೂರೈಕೆ, ಗುಡ್ಡಗಳಲ್ಲಿ ಅರಣ್ಯೀಕರಣ, ಸಂದರ್ಶಕರ ಕೇಂದ್ರಗಳ ನಿರ್ಮಾಣ ಯೋಜನೆಯ ಅಂಗಗಳಾದವು. ಖಾಸಗಿ ವಾಹನಗಳನ್ನು ಗುಹೆಗಳಿಂದ ಸುಮಾರು 4 ಕಿಲೋಮೀಟರ್ ದೂರದ ಫರ್ದಾಪುರದ ಬಳಿ ನಿಲ್ಲಿಸಿ, ಅಲ್ಲಿಂದ ಕಡಿಮೆ ಹೊಗೆಯ ಬಸ್ಸುಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ವ್ಯವಸ್ಥೆ ಜಾರಿಗೆ ಬಂದಿತು.

ಇಲ್ಲಿ ಒಂದು ಇಕ್ಕಟ್ಟೂ ಇದೆ. ಸೌಕರ್ಯ ಹೆಚ್ಚಿದಷ್ಟೂ ಪ್ರವಾಸಿಗರು ಹೆಚ್ಚುತ್ತಾರೆ. ಪ್ರವಾಸಿಗರು ಹೆಚ್ಚಿದಷ್ಟೂ ಚಿತ್ರಗಳ ಮೇಲಣ ಒತ್ತಡ ಬೆಳೆಯುತ್ತದೆ. ಆದುದರಿಂದ ಆದಾಯದ ಗುರಿ ಹಾಗೂ ಸಂರಕ್ಷಣೆಯ ಗುರಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನಿವಾರ್ಯ. ಇನ್ನೊಂದು ಸಂಗತಿಯೆಂದರೆ, ಸಾಲವು ಕಟ್ಟಡ ಕಟ್ಟಲು, ಸಸಿ ನೆಡಲು ನೆರವಾಗುತ್ತದೆ. ಆದರೆ ಸಾಲದ ಅವಧಿ ಮುಗಿದ ಮೇಲೆ ಸಸಿಗೆ ನೀರೆರೆಯುವ, ಬಸ್ಸು ಓಡಿಸುವ, ವಿದ್ಯುತ್ ಶುಲ್ಕ ತೆರುವ ಹೊಣೆ ಸ್ಥಳೀಯ ಆಡಳಿತದ್ದೇ ಆಗಿರುತ್ತದೆ.

ಪರಿಸರವು ಯೋಜನೆಯ ಬೇಲಿಗೆ ನಿಲ್ಲುವುದೂ ಇಲ್ಲ. ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿಯು ನಾಸಿಕ್ ನಗರವನ್ನು ಹಾದು, ರಾಮ್‌ಸಾರ್ ಪಟ್ಟಿಗೆ ಸೇರಿದ ನಾಂದೂರ್ ಮಧ್ಯಮೇಶ್ವರ ಜೌಗು ಪ್ರದೇಶವನ್ನು ದಾಟಿ, ಪೈಠಣದ ಜಾಯಕವಾಡಿ ಜಲಾಶಯವನ್ನು ಸೇರುತ್ತದೆ. ಆ ನೀರೇ ಸಂಭಾಜಿನಗರಕ್ಕೆ ಕುಡಿಯುವ ನೀರು. ಮೇಲಿನ ನಗರ ತನ್ನ ಕೊಳಚೆಯನ್ನು ಶುದ್ಧೀಕರಿಸದಿದ್ದರೆ ಕೆಳಗಿನ ಹಕ್ಕಿಗೂ ಮನುಷ್ಯನಿಗೂ ಕೇಡು ತಪ್ಪದು. ನೀರು, ಚರಂಡಿ, ಕೈಗಾರಿಕೆ ಯಾವುದಕ್ಕೇ ಸಾಲ ದೊರೆತರೂ ಪರಿಣಾಮ ಅಧ್ಯಯನವು ಇಡೀ ನದೀಪಾತ್ರವನ್ನು ಕಣ್ಣಮುಂದಿಟ್ಟುಕೊಳ್ಳಬೇಕು.

ಸಾಲ ನೀಡುವವರ ನಿಯಮಗಳು ಇಂದು ಹಿಂದಿಗಿಂತ ಬಿಗಿಯಾಗಿವೆ. ಆದರೂ ಕಾಗದದ ಷರತ್ತು ತಾನಾಗಿಯೇ ಕಾಡನ್ನು ಬೆಳೆಸದು. ಯೋಜನೆಯ ವಿವರಗಳನ್ನು ಕೇಳಿ ತಿಳಿಯುವ, ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡುವ ಜನರಿದ್ದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಇಂದಿನ ಸಾಲದ ಕಂತುಗಳನ್ನು ನಾಳಿನ ಪೀಳಿಗೆಯೂ ತೀರಿಸಬೇಕಾಗುತ್ತದೆ. ಆ ಪೀಳಿಗೆಗೆ ಋಣದೊಡನೆ ನಿರ್ಮಲ ನದಿಯೂ ಅಳಿಯದ ಚಿತ್ರವೂ ದಕ್ಕುವುದು ನ್ಯಾಯ.