ತೋಟದ ಬಾಗಿಲಿಗೆ ಬೀಗ ಬೇಡ

ಮನೆಯಲ್ಲಿ ಮರೆಗುಳಿ ಕಾಯಿಲೆಯವರು, ಅಂದರೆ ಡಿಮೆನ್ಷಿಯಾ ಇರುವ ಹಿರಿಯರು ಇದ್ದರೆ ಸಂಜೆ ಹೊತ್ತು ಹೇಗಿರುತ್ತದೆಂದು ನಿಮಗೆ ಗೊತ್ತು. ಹೊತ್ತು ಇಳಿಯುತ್ತಲೇ ಚಡಪಡಿಕೆ ಶುರು. ಕೂತಿರುವುದು ತಮ್ಮದೇ ಮನೆಯಲ್ಲಾದರೂ ‘ಮನೆಗೆ ಹೋಗ್ಬೇಕು’ ಅನ್ನುತ್ತಾರೆ. ಎದ್ದು ಹೋಗಿ ಚಿಲಕ ಅಲ್ಲಾಡಿಸುತ್ತಾರೆ. ನಾವು ತಡೆಯುತ್ತೇವೆ, ಅವರು ರೇಗುತ್ತಾರೆ.

ಇದಕ್ಕೆ ತೋಟದಿಂದ ಏನಾದರೂ ಉಪಯೋಗವಿದೆಯೇ? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಅದುವರೆಗಿನ 17 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಆರೈಕೆ ಕೇಂದ್ರದ ತೋಟದಲ್ಲಿ ಹೊತ್ತು ಕಳೆಯುವವರ ಉದ್ವೇಗ ತಗ್ಗುತ್ತದೆಂಬ ಸೂಚನೆ ಅವರಿಗೆ ಸಿಕ್ಕಿತು. ಕಾಯಿಲೆ ವಾಸಿಯಾಗುತ್ತದೆಂದಲ್ಲ, ಆ ಚಡಪಡಿಕೆ ಇಳಿಯಬಹುದು ಎಂದಷ್ಟೆ. ನೋಡಿಕೊಳ್ಳುವವರಿಗೆ ಅದೇ ದೊಡ್ಡದು.

ಹಸಿರು ಕಣ್ಣಿಗೆ ತಂಪು ಅನ್ನುವುದಷ್ಟೇ ಇದರ ಗುಟ್ಟಲ್ಲ. ತೋಟದಲ್ಲಿ ಅವರನ್ನು ಯಾರೂ ‘ಬೇಡ, ಕೂತ್ಕೊಳ್ಳಿ’ ಎಂದು ತಡೆಯಬೇಕಾಗಿಲ್ಲ. ನನಗೆ ಮುಖ್ಯವೆನಿಸುವುದು ಇದು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಇಂಥವರಿಗೆಂದೇ 2002ರಲ್ಲಿ ತೆರೆದ ಸಾರ್ವಜನಿಕ ತೋಟವೊಂದಿದೆ. ಸುತ್ತ ಬೇಲಿ, ಬಂದುಹೋಗಲು ಒಂದೇ ಬಾಗಿಲು. ಒಳಗಿನ ದಾರಿ ಬಳಸಿ ಬಂದು ಹೊರಟಲ್ಲಿಗೇ ಸೇರುತ್ತದೆ. ಎಷ್ಟು ನಡೆದರೂ ಕಳೆದುಹೋಗುವಂತಿಲ್ಲ. ಎತ್ತರಿಸಿ ಕಟ್ಟಿದ ಪಾತಿಗಳಿರುವುದರಿಂದ ಬಗ್ಗದೆಯೇ ಮಣ್ಣು ಮುಟ್ಟಬಹುದು.

ಕೈಗೆ ಕೆಲಸ ಸಿಗುವುದು ಇನ್ನೊಂದು ಲಾಭ. ಬೆಳಗಿನ ತಿಂಡಿ ಏನೆಂದು ಮರೆತವರಿಗೂ ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿದಿರುತ್ತದೆ. ಆ ನೆನಪಿಗೆ ಮಿದುಳಿನ ಬೇರೆ ಭಾಗಗಳ ಆಸರೆಯಿದೆ. ಕನಕಾಂಬರದ ಗಿಡದ ಮುಂದೆ ಅಜ್ಜಿಯ ಕೈಗೊಂದು ಬುಟ್ಟಿ ಕೊಟ್ಟು ನೋಡಿ. ಮಲ್ಲಿಗೆಯ ಘಮಕ್ಕೆ ಹಳೆಯದೆಲ್ಲ ನೆನಪಾಗುತ್ತದೆಂದು ನಾವು ನಂಬುತ್ತೇವೆ, ಆದರೆ ಅಲ್ಝೈಮರ್ ಕಾಯಿಲೆಯಲ್ಲಿ ವಾಸನೆ ಗ್ರಹಿಸುವ ಶಕ್ತಿ ಬೇಗನೇ ಕುಂದುವುದುಂಟು. ಹಾಗಾಗಿ ಮುಟ್ಟಿದರೆ ತಿಳಿಯುವಂಥ ಗಿಡಗಳಿರಲಿ. ದೊಡ್ಡಪತ್ರೆಯ ದಪ್ಪನೆಯ, ನವಿರು ರೋಮದ ಎಲೆಯನ್ನು ಬೆರಳಲ್ಲಿ ಉಜ್ಜುತ್ತಾ ಕೂರಬಹುದು.

ಅಂಗಳವಿಲ್ಲದಿದ್ದರೆ ತಾರಸಿಯ ನಾಲ್ಕು ಕುಂಡಗಳೇ ಸಾಕು, ಆದರೆ ಸುತ್ತಲಿನ ಗೋಡೆ ಎತ್ತರವಿರಬೇಕು. ಕಣಗಿಲೆ, ದತ್ತೂರಿ ಹತ್ತಿರವೂ ಬೇಡ. ಎಲೆ ಕಿತ್ತು ಬಾಯಿಗಿಟ್ಟುಕೊಳ್ಳುವವರಿದ್ದಾರೆ, ಎರಡೂ ವಿಷ. ನೆಲಕ್ಕೆ ಕಪ್ಪು ಚಾಪೆ ಹಾಸಬೇಡಿ, ಅವರ ಕಣ್ಣಿಗೆ ಅದು ಗುಂಡಿಯಂತೆ ಕಾಣಬಹುದು. ಬೆಳಗಿನ ಬಿಸಿಲಲ್ಲಿ ಒಂದಷ್ಟು ಹೊತ್ತು ಕರೆದುಕೊಂಡು ಹೋಗಿ. ಹಗಲಿನ ಬೆಳಕು ಬಿದ್ದರೆ ದೇಹದ ಗಡಿಯಾರಕ್ಕೆ ಹಗಲು ರಾತ್ರಿಯ ಲೆಕ್ಕ ಸಿಗುತ್ತದೆ, ರಾತ್ರಿ ನಿದ್ದೆಗೂ ಅನುಕೂಲ.