ನಾಣ್ಯ ನುಡಿಯುವ ಸಾಕ್ಷಿ



ರೋಮ್ ನಗರದ ಕೊಲೋಸಿಯಂ ಸುಮಾರು 48 ಮೀಟರ್ ಎತ್ತರದ ಕಟ್ಟಡ. ಕ್ರಿ.ಶ. 80ರಲ್ಲಿ ಅದನ್ನು ಉದ್ಘಾಟಿಸಿದ ಚಕ್ರವರ್ತಿ ಟೈಟಸ್, ಸುಮಾರು 35 ಮಿಲಿಮೀಟರ್ ಅಗಲದ ಸೆಸ್ಟರ್ಷಿಯಸ್ ಎಂಬ ನಾಣ್ಯದಲ್ಲಿ ಅದರ ಚಿತ್ರವನ್ನು ಅಚ್ಚು ಹಾಕಿಸಿದ. ಹೊರಗೋಡೆಯ ಕಮಾನುಗಳೂ ಒಳಗೆ ಕುಳಿತ ಪ್ರೇಕ್ಷಕರೂ ಅದರಲ್ಲಿ ಒಟ್ಟಿಗೇ ಕಾಣುತ್ತಾರೆ. ನೆಲದ ಮೇಲೆ ನಿಂತವರಿಗೆ ಇಂಥ ನೋಟ ದೊರಕದು. ಅಚ್ಚು ಕೊರೆದವನು ಎದುರಿನ ನೋಟವನ್ನೂ ಮೇಲಿನ ನೋಟವನ್ನೂ ಬೆಸೆದಿದ್ದಾನೆ. ಕಮಾನುಗಳಲ್ಲಿ ಪ್ರತಿಮೆಗಳೂ ಇವೆ. ಇಂದು ಆ ಕಮಾನುಗಳು ಬರಿದು.

ನಾಣ್ಯವನ್ನು ಎಷ್ಟು ನಂಬಬಹುದು? ಕೊಲೋಸಿಯಂ ಇನ್ನೂ ನಿಂತಿದೆ, ಹೋಲಿಸಿ ನೋಡಬಹುದು. ಜೇನಸ್ ದೇವಾಲಯದ ಗುರುತು ಸಿಗುವ ಅವಶೇಷ ಉಳಿದಿಲ್ಲ. ಅದರ ರೂಪ ತಿಳಿಯುವುದು ಮುಖ್ಯವಾಗಿ ನೀರೋ ಚಕ್ರವರ್ತಿಯ ನಾಣ್ಯಗಳಿಂದ. ಯುದ್ಧಕಾಲದಲ್ಲಿ ಅದರ ಬಾಗಿಲು ತೆರೆದಿಡುವುದು, ಶಾಂತಿಕಾಲದಲ್ಲಿ ಮುಚ್ಚುವುದು ರೂಢಿ. ನಾಣ್ಯದಲ್ಲಿ ಬಾಗಿಲು ಮುಚ್ಚಿದೆ. ನೆಲ ಜಲಗಳಲ್ಲಿ ಶಾಂತಿ ನೆಲೆಸಿದೆ ಎಂದು ಸುತ್ತಲಿನ ಬರಹ ಸಾರುತ್ತದೆ. ಆದರೆ ಕ್ರಿ.ಶ. 66ರಲ್ಲಿ ಜುದೇಯ ಪ್ರಾಂತ್ಯ ದಂಗೆಯೆದ್ದಿತು!

ಪ್ರಯೋಗಶಾಲೆಯಲ್ಲಿ ನಾವು ಒಂದೇ ಅಳತೆಯನ್ನು ನಂಬಿ ಕೂರುವುದಿಲ್ಲ. ಇತಿಹಾಸದಲ್ಲೂ ಹಾಗೆಯೇ. ನಾಣ್ಯ ಒಳ್ಳೆಯ ಸಾಕ್ಷಿ. ಆದರೆ ಅದನ್ನು ಅಚ್ಚು ಹಾಕಿಸಿದವನು ಅರಸ. ಅದು ಏನು ತೋರಿಸುತ್ತದೆ ಎಂಬುದರ ಜೊತೆಗೆ ಯಾರು, ಏಕೆ ತೋರಿಸಿದರು ಎಂದೂ ಕೇಳಿ.